ಹಡಗಿನ ಕಾಗದ ಓದಿಸಿದ ವಕೀಲ ಮೇಷ್ಟ್ರು

(ಯುವ ವಕೀಲರು ಮತ್ತು ಕಾನೂನು ವಿದ್ಯಾರ್ಥಿಗಳ ಎದುರು ಒಂದು ಸಂಜೆ ಆಡಿದ ಮಾತು. ಆಮೇಲೆ ಕೂತು ಬರೆದಿದ್ದೇನೆ. ಅಲ್ಲಿ ತಡವರಿಸಿದ್ದನ್ನು ಇಲ್ಲಿ ಸ್ವಲ್ಪ ಸರಿ ಮಾಡಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನ್ನನ್ನು ಕರೆದವರು ಕೊಟ್ಟ ವಿಷಯ ಇದು: ವ್ಯಾಪಾರದ ಕೇಸು ನಡೆಸುವ ವಕೀಲರು ಪಾಠವನ್ನೂ ಮಾಡಬಹುದಾ, ಮಾಡಿದರೆ ಏನು ಸಿಗುತ್ತದೆ? ನನ್ನ ಕಥೆಯನ್ನೇ ಹೇಳಲಿ ಅಂತ ಅವರ ಆಸೆ ಇದ್ದಿರಬೇಕು. ನನ್ನ ಕಥೆ ಹತ್ತು ನಿಮಿಷಕ್ಕೆ ಮುಗಿದು ಹೋಗುತ್ತದೆ. ಬೆಳಗ್ಗೆ ಎಂಟಕ್ಕೆ ಕ್ಲಾಸು, ಹನ್ನೊಂದಕ್ಕೆ ಕೋರ್ಟು, ನಡುವೆ ಒಂದು ಕಾಫಿ. ಅಷ್ಟೇ. ಅದಕ್ಕೆ ಇನ್ನೊಬ್ಬರ ಕಥೆ ತಂದಿದ್ದೇನೆ, ಸ್ಕ್ರಟನ್ ಎಂಬ ಹಳೆಯ ಇಂಗ್ಲಿಷ್ ವಕೀಲ ಮೇಷ್ಟ್ರದು.

ಅವರ ಪರಿಚಯ ನನಗೆ ಆದದ್ದು ಅವಮಾನದಿಂದ. ಕರಾರು ಕಾನೂನಿನ ಕ್ಲಾಸಿನಲ್ಲಿ ಸ್ಕ್ರಟನ್ಸ್ ಕಂಪನಿಯ ಕೇಸು ಹೇಳುತ್ತಿದ್ದೆ. ನಿಮಗೂ ಗೊತ್ತಿರುತ್ತದೆ. ನ್ಯೂಯಾರ್ಕಿನಿಂದ ಲಂಡನ್ನಿಗೆ ಬಂದ ಒಂದು ಡ್ರಮ್ಮು. ಅದರಲ್ಲಿ ರಾಸಾಯನಿಕ. ಸರಕು ಇಳಿಸುವ ಗುತ್ತಿಗೆಯ ಸ್ಕ್ರಟನ್ಸ್ ಕಂಪನಿಯವರ ಕೈಯಲ್ಲಿ ಅದು ಹಾಳಾಯಿತು. ಹಡಗಿನವರ ಹೊಣೆ ಒಂದು ಪ್ಯಾಕೇಜಿಗೆ 500 ಡಾಲರಿಗಿಂತ ಜಾಸ್ತಿ ಇಲ್ಲ ಅಂತ ಬಿಲ್ ಆಫ್ ಲೇಡಿಂಗಿನಲ್ಲಿ, ಅಂದರೆ ಸರಕು ಏರಿಸಿಕೊಂಡಾಗ ಹಡಗಿನವರು ಕೊಡುವ ಕಾಗದದಲ್ಲಿ, ಇತ್ತು. ಆ ರಿಯಾಯಿತಿ ನಮಗೂ ಸಿಗಬೇಕು ಅಂತ ಸ್ಕ್ರಟನ್ಸ್ ಕೇಳಿತು. ಆ ಕಾಗದಕ್ಕೆ ನೀವು ಪಕ್ಷಕಾರರೇ ಅಲ್ಲ, ನಿಮಗೆ ಸಿಗಲ್ಲ ಅಂತ 1961ರಲ್ಲಿ ಹೌಸ್ ಆಫ್ ಲಾರ್ಡ್ಸ್, ಆಗ ಇಂಗ್ಲೆಂಡಿನ ಎಲ್ಲಕ್ಕಿಂತ ಮೇಲಿನ ಕೋರ್ಟು, ಹೇಳಿತು. ಇಷ್ಟು ಹೇಳಿ ಹಲಗೆ ಒರೆಸುವಾಗ ಹಿಂದಿನ ಬೆಂಚಿನ ಹುಡುಗ ಕೇಳಿದ: "ಸರ್, ಹಡಗಿನ ಕಾನೂನಿಗೆ ನೀವು ಓದಿ ಅಂದ ದಪ್ಪ ಪುಸ್ತಕದ ಸ್ಕ್ರಟನ್ನೂ ಈ ಸ್ಕ್ರಟನ್ಸೂ ಒಂದೇನಾ?"

ನನಗೆ ಗೊತ್ತಿರಲಿಲ್ಲ. ಹದಿನೈದು ವರ್ಷ ಆ ಪುಸ್ತಕ ಇಟ್ಟುಕೊಂಡು ಕೇಸು ನಡೆಸಿದ್ದೇನೆ. ಬೆನ್ನಿನ ಮೇಲಿರುವ ಹೆಸರು ಯಾರದು ಅಂತ ಒಮ್ಮೆಯೂ ನೋಡಿರಲಿಲ್ಲ. ನಾಳೆ ಹೇಳ್ತೀನಿ ಕೂತ್ಕೊ ಅಂದೆ.

ಒಂದೇ ಮನೆತನ. ಥಾಮಸ್ ಎಡ್ವರ್ಡ್ ಸ್ಕ್ರಟನ್ ಹುಟ್ಟಿದ್ದು 1856ರಲ್ಲಿ, ಲಂಡನ್ನಿನಲ್ಲಿ. ಅಪ್ಪ ಹಡಗಿನ ಮಾಲೀಕರು. ಮನೆಯ ಹಡಗಿನ ವ್ಯಾಪಾರವೇ ಮುಂದೆ ಬಂದರಿನಲ್ಲಿ ಸರಕು ಇಳಿಸುವ ಕಂಪನಿಯಾಯಿತು. ಮಗ ಬರೆದದ್ದು ಬಿಲ್ ಆಫ್ ಲೇಡಿಂಗಿನ ಪುಸ್ತಕ. ಮನೆಯ ಹೆಸರಿನ ಕಂಪನಿ ಸೋತದ್ದು ಬಿಲ್ ಆಫ್ ಲೇಡಿಂಗಿನ ಕೇಸಿನಲ್ಲೇ. ಅಷ್ಟು ಹೊತ್ತಿಗೆ ಅವರು ತೀರಿಕೊಂಡು 27 ವರ್ಷವಾಗಿತ್ತು, ಪುಣ್ಯ.

ಈ ಹುಡುಗ ಓದಿನಲ್ಲಿ ಭಯಂಕರ. ಲಂಡನ್ನಿನ ಯೂನಿವರ್ಸಿಟಿ ಕಾಲೇಜು, ಆಮೇಲೆ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು. ಅಲ್ಲಿ ಕಾನೂನಿನ ಪ್ರಬಂಧಕ್ಕೆ ಯಾರ್ಕ್ ಬಹುಮಾನ ಅಂತ ಒಂದಿದೆ. ಇವರು ಅದನ್ನು ನಾಲ್ಕು ಸಲ ಹೊಡೆದರು. 1882ರಲ್ಲಿ ಲಂಡನ್ನಿನ ಮಿಡಲ್ ಟೆಂಪಲ್ ಎಂಬ ವಕೀಲರ ಸಂಸ್ಥೆಯಿಂದ ಬ್ಯಾರಿಸ್ಟರ್ ಆದರು.

ಇಲ್ಲಿ ಒಂದು ಮಾತು. ಬ್ಯಾರಿಸ್ಟರ್ ಅಂದರೆ ನಮ್ಮಲ್ಲಿ ಇಂಗ್ಲೆಂಡಿಗೆ ಹೋಗಿ ಬಂದವರ ಬಿರುದು ಅನ್ನುವ ಹಾಗೆ ಆಗಿದೆ. ಅಲ್ಲಿ ಅದು ಕೆಲಸದ ಹಂಚಿಕೆ. ಕಕ್ಷಿದಾರ ಮೊದಲು ಹೋಗುವುದು ಸಾಲಿಸಿಟರ್ ಹತ್ತಿರ. ಕಾಗದ ಪತ್ರ, ನೋಟಿಸು, ಸಾಕ್ಷಿಗಳನ್ನು ಕೂಡಿಸುವುದು ಎಲ್ಲ ಅವರದು. ಅವರು ಕಟ್ಟು ಕಟ್ಟಿ ಗುಲಾಬಿ ಬಣ್ಣದ ಪಟ್ಟಿ ಸುತ್ತಿ ಬ್ಯಾರಿಸ್ಟರಿಗೆ ಕಳಿಸುತ್ತಾರೆ. ಬ್ಯಾರಿಸ್ಟರ್ ಅಭಿಪ್ರಾಯ ಬರೆಯುತ್ತಾರೆ, ಕೋರ್ಟಿನಲ್ಲಿ ನಿಂತು ವಾದಿಸುತ್ತಾರೆ. ನಮ್ಮಲ್ಲಿ ಒಬ್ಬರೇ ವಕಾಲತ್ತು ಹಾಕಿ, ಝೆರಾಕ್ಸ್ ಮಾಡಿಸಿ, ವಾದವನ್ನೂ ಮಾಡುತ್ತೇವೆ. ಸ್ಟಾಂಪು ಅಂಟಿಸುವುದೂ ನಾವೇ. ಅಲ್ಲಿಯ ವ್ಯವಸ್ಥೆಯಲ್ಲಿ ಹೊಸ ಬ್ಯಾರಿಸ್ಟರಿಗೆ ಒಂದೇ ಭಯ. ಸಾಲಿಸಿಟರ್ ಬಾಗಿಲು ತಟ್ಟಲಿಲ್ಲ ಅಂದರೆ ಕೆಲಸವೇ ಇಲ್ಲ. ಬೋರ್ಡು ಹಾಕಿಕೊಂಡು ಕೂರಬೇಕು.

ಆ ಕಾಯುವ ವರ್ಷಗಳಲ್ಲಿ ಸ್ಕ್ರಟನ್ ಸುಮ್ನೆ ಕೂರಲಿಲ್ಲ. 1883ರಲ್ಲಿ ಕೃತಿಸ್ವಾಮ್ಯದ ಮೇಲೆ ಪುಸ್ತಕ ಬರೆದರು. ಯೂನಿವರ್ಸಿಟಿ ಕಾಲೇಜಿನಲ್ಲಿ ಸಂವಿಧಾನದ ಕಾನೂನು ಮತ್ತು ಕಾನೂನಿನ ಇತಿಹಾಸದ ಪ್ರೊಫೆಸರ್ ಆದರು. ನೋಡಿ, ಪಾಠಕ್ಕೆ ಒಂದು ವಿಷಯ, ಕೋರ್ಟಿಗೆ ಇನ್ನೊಂದು. 1886ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ಚಾರ್ಟರ್‌ಪಾರ್ಟಿ ಮತ್ತು ಬಿಲ್ ಆಫ್ ಲೇಡಿಂಗ್ ಕುರಿತ ಪುಸ್ತಕ ಬಂತು. ಹಡಗನ್ನು ಬಾಡಿಗೆಗೆ ಹಿಡಿಯುವ ಕರಾರು ಚಾರ್ಟರ್‌ಪಾರ್ಟಿ. ಹಡಗಿಗೆ ಏರಿಸಿದ ಸರಕಿಗೆ ಕೊಡುವ ಕಾಗದ ಬಿಲ್ ಆಫ್ ಲೇಡಿಂಗ್. ಆ ಪುಸ್ತಕಕ್ಕೆ ಇಂದಿಗೂ ಹೊಸ ಆವೃತ್ತಿ ಬರುತ್ತಿದೆ.

ಅದರ ಒಳಗನ್ನು ಒಮ್ಮೆ ತೆರೆದು ನೋಡಿ. ಉದ್ದುದ್ದ ಅಧ್ಯಾಯದ ಪ್ರವಚನ ಇಲ್ಲ. ಮೊದಲು ಒಂದು ನಿಯಮ, ಕಾಯ್ದೆಯ ಕಲಮಿನ ಹಾಗೆ ನಂಬರು ಹಾಕಿ. ಕೆಳಗೆ ಅದಕ್ಕೆ ತೀರ್ಪುಗಳಿಂದ ಉದಾಹರಣೆ. ನಮಗೆ ಇದು ಹೊಸದೇನಲ್ಲ. 1872ರ ನಮ್ಮ ಕರಾರು ಕಾಯ್ದೆಯಲ್ಲಿ "ಎ ಎಂಬುವನು ಬಿ ಎಂಬುವನಿಗೆ" ಅಂತ ದೃಷ್ಟಾಂತಗಳು ಇಲ್ಲವೇ, ಅದೇ ಜಾತಿ. ಭಾರತದಲ್ಲಿ ವೈಸರಾಯ್ ಕೌನ್ಸಿಲಿನ ಕಾನೂನು ಸದಸ್ಯರಾಗಿದ್ದ ಫಿಟ್ಸ್‌ಜೇಮ್ಸ್ ಸ್ಟೀಫನ್ ಊರಿಗೆ ಮರಳಿದ ಮೇಲೆ 1876ರಲ್ಲಿ ಸಾಕ್ಷ್ಯ ಕಾನೂನನ್ನು ಇದೇ ಧಾಟಿಯಲ್ಲಿ ಬರೆದಿದ್ದರು. ಆ ಕಾಲದ ಇಂಗ್ಲಿಷ್ ವಕೀಲರಿಗೆ ಈ ಧಾಟಿ ಹಿಡಿಸಿತು. ಸ್ಕ್ರಟನ್ ಅದೇ ಹೊತ್ತಿನವರು. ಪಾಠ ಮಾಡುವವರಿಗೆ ಈ ಕ್ರಮದ ರುಚಿ ತಕ್ಷಣ ಗೊತ್ತಾಗುತ್ತದೆ. ನಿಯಮವನ್ನು ಮೂರು ಸಾಲಿನಲ್ಲಿ ಹೇಳಲು ಬರಲಿಲ್ಲ ಅಂದರೆ ನಿಮಗೆ ಅದು ಅರ್ಥವಾಗಿಲ್ಲ. ಕ್ಲಾಸಿನಲ್ಲಿ ನಿಂತಾಗ ಇದು ಬಹಳ ಬೇಗ ಬಯಲಾಗುತ್ತದೆ. ಕೋರ್ಟಿನಲ್ಲಿ ವಾಯಿದೆ ಕೇಳಬಹುದು. ಕ್ಲಾಸಿನಲ್ಲಿ ಅದಿಲ್ಲ.

ಈಗ ಒಂದು ಕಾಗದ ತೋರಿಸುತ್ತೇನೆ. (ಇಲ್ಲಿ ನಾನು ಹಳೆಯ ಬಿಲ್ ಆಫ್ ಲೇಡಿಂಗ್ ಒಂದರ ಪ್ರತಿಯನ್ನು ಕೈಯಿಂದ ಕೈಗೆ ದಾಟಿಸಿದೆ. ಹೆಸರುಗಳ ಮೇಲೆ ಕಪ್ಪು ಬಳಿದಿದ್ದೆ.) ಪಣಂಬೂರಿನ ನವಮಂಗಳೂರು ಬಂದರಿನಿಂದ ಹೊರಟ ಕಾಫಿಯ ಕಂಟೇನರಿನದು. ಮುಂಭಾಗ ನೋಡಿ. ಕಳಿಸಿದವರು, ಪಡೆಯುವವರು, ಹಡಗು, ಬಂದರು. ಮೂಟೆಗಳ ಲೆಕ್ಕದ ಮುಂದೆ "ಇಷ್ಟಿದೆ ಎಂದು ಹೇಳಲಾಗಿದೆ" ಅನ್ನುವ ಅರ್ಥದ ಮಾತು. ಅಂದರೆ ಹಡಗಿನವರು ಒಳಗೆ ಇಣುಕಿಲ್ಲ, ನೀವು ಹೇಳಿದ್ದನ್ನು ಬರೆದುಕೊಂಡಿದ್ದಾರೆ. ಕೆಳಗೆ ಒರಿಜಿನಲ್ ಎಷ್ಟು ಅಂತ ಇದೆ: ಮೂರು. ಮೂರರಲ್ಲಿ ಒಂದನ್ನು ಕೊಟ್ಟು ಸರಕು ಬಿಡಿಸಿಕೊಂಡರೆ ಉಳಿದ ಎರಡು ರದ್ದಿ. ಇದು ಸರಕು ಮುಟ್ಟಿದ್ದಕ್ಕೆ ರಸೀದಿ. ಸಾಗಣೆಯ ಕರಾರಿಗೆ ಪುರಾವೆ. ಜೊತೆಗೆ ಸರಕಿನ ಹಕ್ಕುಪತ್ರ. ಹಡಗು ಇನ್ನೂ ನಡುಗಡಲಲ್ಲಿ ಇರುವಾಗಲೇ ಈ ಕಾಗದದ ಹಿಂದೆ ಸಹಿ ಹಾಕಿ ಕಾಫಿಯನ್ನು ಮಾರಿಬಿಡಬಹುದು. ಬ್ಯಾಂಕು ಇದನ್ನು ಇಟ್ಟುಕೊಂಡು ಸಾಲ ಕೊಡುತ್ತದೆ. 2025ರಲ್ಲಿ ಹೊಸ ಕಾಯ್ದೆ ಬರುವ ತನಕ ಇದಕ್ಕೆ ನಮ್ಮಲ್ಲಿ ಇದ್ದದ್ದು 1856ರ ಕಾಯ್ದೆ. ಅದೂ ಸ್ಕ್ರಟನ್ನೂ ಒಂದೇ ವರ್ಷ ಹುಟ್ಟಿದ್ದು, ಸುಮ್ನೆ ಹೇಳಿದೆ.

ಈಗ ತಿರುಗಿಸಿ ಹಿಂಭಾಗ ನೋಡಿ. ಇರುವೆ ಸಾಲಿನಂಥ ಅಕ್ಷರ. ಯಾರೂ ಓದಲ್ಲ. ನಾನೂ ಓದಿರಲಿಲ್ಲ. ವಕೀಲಿ ಶುರು ಮಾಡಿ ಐದಾರು ವರ್ಷ ಆಗಿತ್ತು. ಒಬ್ಬ ಕಾಫಿ ರಫ್ತುದಾರರು ಬಂದರು. ಕಂಟೇನರಿಗೆ ನೀರು ನುಗ್ಗಿ ಕಾಫಿ ಬೂಷ್ಟು ಹಿಡಿದಿತ್ತು. ಪತ್ರ ವ್ಯವಹಾರದಲ್ಲೇ ಹದಿನಾಲ್ಕು ತಿಂಗಳು ಕಳೆದಿದ್ದವು. "ಚಿಂತೆ ಬೇಡಿ ಸ್ವಾಮಿ, ಕರಾರಿನ ದಾವೆಗೆ ಮೂರು ವರ್ಷ ಟೈಮಿದೆ" ಅಂದೆ. ದಾವೆ ಹಾಕಿಯೂ ಬಿಟ್ಟೆ. ಎದುರು ಕಡೆಯ ಹಿರಿಯ ವಕೀಲರು ವಾದವನ್ನೇ ಮಾಡಲಿಲ್ಲ. ಈ ಕಾಗದವನ್ನು ತಿರುಗಿಸಿ, ಒಂದು ಸಾಲಿನ ಕೆಳಗೆ ಉಗುರಿನಲ್ಲಿ ಗೆರೆ ಎಳೆದು ನನ್ನ ಕೈಗೆ ಕೊಟ್ಟರು. ಡೆಲಿವರಿ ಆದ ಒಂದು ವರ್ಷದೊಳಗೆ ದಾವೆ ಹಾಕದಿದ್ದರೆ ಹಡಗಿನವರು ಬಿಡುಗಡೆ. ಭಾರತದ ಬಂದರಿನಿಂದ ಹೊರಡುವ ಸರಕಿಗೆ 1925ರ ಕಾಯ್ದೆಯಲ್ಲೂ ಅದೇ ಇತ್ತು. ಕಕ್ಷಿದಾರರಿಗೆ ವಿಷಯ ಹೇಳಿದ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಅವರು ಬೈಯಲಿಲ್ಲ. "ಇರಲಿ ಬಿಡಿ ಸಾರ್" ಅಂದು ಫೈಲು ತಗೊಂಡು ಹೋದರು. ಬೈದಿದ್ದರೆ ವಾಸಿಯಿತ್ತು. ಈಗ ಪ್ರತಿ ವರ್ಷ ಮೊದಲ ಕ್ಲಾಸಿನಲ್ಲಿ ಈ ಕಾಗದ ಹಂಚುತ್ತೇನೆ. ಹಿಂಭಾಗದಿಂದ ಓದಲು ಶುರು ಮಾಡಿ ಅನ್ನುತ್ತೇನೆ.

ಸ್ಕ್ರಟನ್ ಕಡೆಗೆ ಬರೋಣ. ಅವರ ಅದೃಷ್ಟ ತಿರುಗಿದ್ದರಲ್ಲಿ ಒಬ್ಬ ನ್ಯಾಯಾಧೀಶರ ಅಜ್ಞಾನದ ಪಾಲೂ ಇದೆ. ಅದಕ್ಕೆ ಮೊದಲು ಜನರಲ್ ಆವರೇಜ್ ಅಂದರೇನು ಅಂತ ಹೇಳಬೇಕು. ಚಾರ್ಮಾಡಿ ಘಾಟಿಯಲ್ಲಿ ಒಂದು ಲಾರಿ, ಅದರಲ್ಲಿ ಆರು ಜನರ ಸರಕು ಅಂದುಕೊಳ್ಳಿ. ಲಾರಿ ಜಾರುತ್ತಿದೆ. ಡ್ರೈವರು ಒಬ್ಬರ ಮೂಟೆಗಳನ್ನು ಕೆಳಗೆ ಉರುಳಿಸಿ ಲಾರಿ ಉಳಿಸಿದ. ನಷ್ಟ ಆ ಒಬ್ಬರಿಗೇ ಯಾಕೆ? ಉಳಿದ ಐವರೂ ಲಾರಿ ಮಾಲೀಕನೂ ಅವರವರ ಪಾಲು ಹಾಕಿ ತುಂಬಿಕೊಡಬೇಕು. ರಸ್ತೆಯ ಮೇಲೆ ಈ ನಿಯಮ ನಡೆಯಲ್ಲ, ಸಮುದ್ರದ ಮೇಲೆ ನಡೆಯುತ್ತದೆ. ಲೆಕ್ಕ ಮಾತ್ರ ಬಲು ಗೋಜಲು.

1890ರ ದಶಕದ ಶುರುವಿನಲ್ಲಿ ಇಂಥದ್ದೊಂದು ಕೇಸು ಲಾರೆನ್ಸ್ ಎಂಬ ನ್ಯಾಯಾಧೀಶರ ಮುಂದೆ ಬಂತು. ಅವರಿಗೆ ಈ ವಿಷಯದ ಗಂಧಗಾಳಿ ಇರಲಿಲ್ಲ. ವಾದ ಕೇಳಿದರು, ತೀರ್ಪು ಕಾದಿರಿಸಿದರು, ತಿಂಗಳುಗಟ್ಟಲೆ ಸುಮ್ಮನಾದರು. ಲಂಡನ್ನಿನ ವರ್ತಕರಿಗೆ ರೇಗಿ ಹೋಯಿತು. ಕೋರ್ಟಿನ ಸಹವಾಸವೇ ಬೇಡ ಅಂತ 1892ರಲ್ಲಿ ವರ್ತಕರಿಗಾಗಿಯೇ ಒಂದು ಪಂಚಾಯ್ತಿ ಸಂಸ್ಥೆಯೂ ಶುರುವಾಯಿತು. ವ್ಯಾಪಾರದ ಕೇಸುಗಳು ಕೈಬಿಟ್ಟು ಹೋಗುತ್ತವೆ ಅಂತ ನ್ಯಾಯಾಧೀಶರಿಗೂ ಬಿಸಿ ತಟ್ಟಿತು. 1895ರಲ್ಲಿ ವ್ಯಾಪಾರದ ಕೇಸುಗಳಿಗೇ ಒಂದು ಪಟ್ಟಿ, ಅದಕ್ಕೊಬ್ಬ ಬಲ್ಲ ನ್ಯಾಯಾಧೀಶರು ಅಂತ ಆಯಿತು. ಮೊದಲು ಕೂತವರು ಮ್ಯಾಥ್ಯೂ. ಅವರು ಉದ್ದದ ಲಿಖಿತ ವಾದಗಳನ್ನು ಕತ್ತರಿಸಿ ನೇರ ವಿಷಯಕ್ಕೆ ಬನ್ನಿ ಅನ್ನುವವರು. ಮುಂದೆ ತಾನೂ ನ್ಯಾಯಾಧೀಶರಾದ ಮೆಕಿನನ್ 1944ರಲ್ಲಿ ಈ ಕಥೆ ಬರೆಯುವಾಗ ಲಾರೆನ್ಸ್ ಅವರನ್ನು ದಡ್ಡ ಅಂತಲೇ ಕರೆದಿದ್ದಾರೆ. ಇಂಗ್ಲೆಂಡಿನ ಕಾನೂನಿನಲ್ಲಿ ತೀರಿಕೊಂಡವರ ಮಾನನಷ್ಟ ಆಗಲ್ಲ ಅಂತ ಅಲ್ಲಿಯ ವಕೀಲರಿಗೆ ಚೆನ್ನಾಗಿ ಗೊತ್ತು!

ನಮ್ಮಲ್ಲಿ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಬಂದದ್ದು 2015ರಲ್ಲಿ. ಅಂದರೆ 120 ವರ್ಷದ ನಂತರ. ಮೊದಲು ಒಂದು ಕೋಟಿ ಇದ್ದ ಮೌಲ್ಯದ ಮಿತಿಯನ್ನು 2018ರಲ್ಲಿ ಮೂರು ಲಕ್ಷಕ್ಕೆ ಇಳಿಸಿದರು. ಬೆಂಗಳೂರಿನಲ್ಲಿ ಈಗ ನಾನು ನಿಲ್ಲುವುದು ಆ ಕೋರ್ಟುಗಳಲ್ಲೇ. ಅಲ್ಲಿ 120 ದಿನದೊಳಗೆ ಪ್ರತಿವಾದಿ ಉತ್ತರ ಹಾಕದಿದ್ದರೆ ಬಾಗಿಲು ಮುಚ್ಚಿತು. ಮ್ಯಾಥ್ಯೂ ಇದ್ದಿದ್ದರೆ ಅದೂ ಜಾಸ್ತಿ ಅಂದಿರುತ್ತಿದ್ದರೇನೋ.

1895ರ ಆ ಹೊಸ ಕೋರ್ಟಿನಲ್ಲಿ ಸ್ಕ್ರಟನ್ ಕೈ ತುಂಬಾ ಕೆಲಸ. ಎದುರಾಳಿ ಸಾಮಾನ್ಯವಾಗಿ ಒಬ್ಬರೇ, ಹ್ಯಾಮಿಲ್ಟನ್. ಇಬ್ಬರಿಗೂ ಹಿರಿಯ ವಕೀಲರ ರೇಷ್ಮೆ ಗೌನು ಬಂದದ್ದು ಒಂದೇ ವರ್ಷ, 1901ರಲ್ಲಿ. ಪುಸ್ತಕ ಬರೆದವರೇ ಎದ್ದು ನಿಂತು ವಾದಿಸಿದರೆ ಸಾಲಿಸಿಟರಿಗೆ ಇನ್ನೇನು ಬೇಕು? ಕೆಲಸ ಇಲ್ಲದಾಗ ಬರೆದದ್ದು ಕೆಲಸ ತಂದಿತು.

ನಾನು ಈ ಮನುಷ್ಯನನ್ನು ಇಷ್ಟಪಡುವುದು ಅವರ ಚೇಂಬರಿನ ಕಾರಣಕ್ಕೆ. ಆಗ ಅಲ್ಲಿ ಹೊಸ ಬ್ಯಾರಿಸ್ಟರ್‌ಗಳು ಒಬ್ಬ ಹಿರಿಯರ ಕೈಕೆಳಗೆ ಶಿಷ್ಯರಾಗಿ ಕೂರುವ ಪದ್ಧತಿ. ವರ್ಷಕ್ಕೆ ನೂರು ಗಿನಿ (ಒಂದು ಗಿನಿ ಅಂದರೆ ಪೌಂಡಿಗಿಂತ ಸ್ವಲ್ಪ ಜಾಸ್ತಿ) ಗುರುವಿಗೇ ಕೊಡಬೇಕು. ನಮ್ಮ ಜೂನಿಯರ್‌ಗಳು ಸಂಬಳ ಕಡಿಮೆ ಅಂತ ಗೊಣಗುತ್ತಾರಲ್ಲ, ಇದನ್ನು ಕೇಳಿಸಿಕೊಳ್ಳಿ. ಗುರು ಬರೆಯಬೇಕಾದ ಅಭಿಪ್ರಾಯವನ್ನು ಶಿಷ್ಯ ಮೊದಲು ಬರೆಯುವುದು, ಗುರು ಅದನ್ನು ಹೊಡೆದುಹಾಕುವುದು. ಪಾಠ ಅಂದರೆ ಅದೇ. ಸ್ಕ್ರಟನ್ ಹತ್ತಿರ ಹಾಗೆ ಕೂತವರಲ್ಲಿ ಒಬ್ಬರು ಈಗ ಹೇಳಿದ ಮೆಕಿನನ್. ಇನ್ನೊಬ್ಬರು, ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಹುಟ್ಟಿದ ಜೇಮ್ಸ್ ರಿಚರ್ಡ್ ಆಟ್ಕಿನ್. ಪಾನೀಯದ ಬಾಟಲಿಯಲ್ಲಿ ಬಸವನ ಹುಳು ಇತ್ತು ಅನ್ನುವ ಹೆಸರಾದ ಕೇಸು, "ನನ್ನ ನೆರೆಯವನು ಯಾರು" ಅನ್ನುವ 1932ರ ತೀರ್ಪು ಬರೆದವರು. ಅದೇ ಆಟ್ಕಿನ್.

ಇಷ್ಟು ಹೇಳಿ ಸ್ಕ್ರಟನ್ ಸಾಧು ಸ್ವಭಾವದವರು ಅಂದುಕೊಳ್ಳಬೇಡಿ. 1910ರಲ್ಲಿ ನ್ಯಾಯಾಧೀಶರಾದ ಮೇಲೆ ಪೀಠದಿಂದ ಎಷ್ಟು ಸಿಡುಕುತ್ತಿದ್ದರು ಅಂದರೆ, ಲಂಡನ್ನಿನ ದೊಡ್ಡ ಸಾಲಿಸಿಟರ್‌ಗಳು ಒಬ್ಬ ವಕೀಲರನ್ನು ನೇಮಿಸಿ ಅವರ ಕೋರ್ಟಿನಲ್ಲೇ ಪ್ರತಿಭಟನೆ ಹೇಳಿಸಿದರು. ಮೇಷ್ಟ್ರ ಚಟ ಅದು. ತಪ್ಪು ಉತ್ತರ ಕೇಳಿದರೆ ಮೈ ಉರಿಯುತ್ತದೆ. ನನ್ನ ಮನೆಯವರನ್ನು ಕೇಳಿ.

ಆದರೆ ಅದೇ ಮನುಷ್ಯ 1920ರ ನವೆಂಬರಿನಲ್ಲಿ ಕೇಂಬ್ರಿಜ್‌ನ ವಿದ್ಯಾರ್ಥಿಗಳ ಮುಂದೆ ವಾಣಿಜ್ಯ ಕೋರ್ಟಿನ ಕೆಲಸದ ಬಗ್ಗೆ ಮಾತಾಡುತ್ತಾ, ಯಾರೂ ಕೇಳದ ಮಾತೊಂದನ್ನು ಹೇಳಿದರು. ನಿಷ್ಪಕ್ಷಪಾತ ಸುಲಭ ಅಲ್ಲ. ನಾವು ಯಾರ ಜೊತೆ ಓಡಾಡುತ್ತೇವೋ, ಯಾವ ಅಭ್ಯಾಸದಲ್ಲಿ ಬೆಳೆದಿದ್ದೇವೋ ಆ ಬಣ್ಣ ನಮ್ಮ ವಿಚಾರಕ್ಕೂ ಹತ್ತುತ್ತದೆ. ಹಾಗಾಗಿ, ನಿಮ್ಮ ನ್ಯಾಯಾಧೀಶರೆಲ್ಲ ಮಾಲೀಕರ ಕಡೆಯ ವಲಯದಲ್ಲೇ ಬೆಳೆದವರು, ನಮಗೆಲ್ಲಿಯ ನ್ಯಾಯ ಅಂತ ಕಾರ್ಮಿಕರು ಕೇಳಿದರೆ ಉತ್ತರ ಕೊಡುವುದು ಕಷ್ಟ. ಇದು ಅವರ ಮಾತಿನ ಸಾರ. ಹಡಗಿನ ಮಾಲೀಕರ ಮಗ, ಮೇಲ್ಮನವಿ ಕೋರ್ಟಿನಲ್ಲಿ ಕೂತಿರುವಾಗಲೇ, ಹುಡುಗರ ಮುಂದೆ ಹೀಗೆ ಹೇಳಿದರು. ಅದನ್ನು ಅಚ್ಚಿಗೂ ಕೊಟ್ಟರು.

ಇನ್ನೊಬ್ಬರನ್ನು ನೆನೆಯದೆ ಮುಂದೆ ಹೋದರೆ ತಪ್ಪಾಗುತ್ತದೆ. 1920ರ ದಶಕದಲ್ಲೇ, ಮುಂಬಯಿಯಲ್ಲಿ. ಮಿಡಲ್ ಟೆಂಪಲ್ ಥರದ್ದೇ ಇನ್ನೊಂದು ಸಂಸ್ಥೆ ಗ್ರೇಸ್ ಇನ್‌ನಿಂದ ಬ್ಯಾರಿಸ್ಟರ್ ಆಗಿ ಬಂದಿದ್ದ ಅಂಬೇಡ್ಕರ್ ಅವರಿಗೆ ವಕೀಲಿಯ ಜೊತೆಗೆ ಬೇರೆ ಆದಾಯವೂ ಬೇಕಿತ್ತು. 1925ರಿಂದ 1928ರ ತನಕ ಬಾಟ್ಲಿಬಾಯ್ ಅವರ ಅಕೌಂಟೆನ್ಸಿ ಸಂಸ್ಥೆಯಲ್ಲಿ ವಾಣಿಜ್ಯ ಕಾನೂನು ಪಾಠ ಮಾಡಿದರು. ಆಮೇಲೆ ಸರ್ಕಾರಿ ಲಾ ಕಾಲೇಜಿನಲ್ಲಿ. 1935ರಲ್ಲಿ ಅಲ್ಲಿಯೇ ಪ್ರಾಂಶುಪಾಲರಾದರು. ಸಂವಿಧಾನದ ಅಂಬೇಡ್ಕರ್ ನಮಗೆಲ್ಲ ಗೊತ್ತು. ಲೆಕ್ಕ ಬರೆಯಲು ಕಲಿಯುವ ಹುಡುಗರ ಮುಂದೆ ವಾಣಿಜ್ಯ ಕಾನೂನು ಬಿಡಿಸಿ ಹೇಳುತ್ತಿದ್ದ ಅಂಬೇಡ್ಕರ್ ಕ್ಲಾಸಿನಲ್ಲಿ ಒಂದು ದಿನ ಕೂರಬೇಕಿತ್ತು ಅನ್ನಿಸುತ್ತದೆ.

ನಮ್ಮ ಕಾಲಕ್ಕೆ ಕೇಂದ್ರ ಸರ್ಕಾರ 1979ರಲ್ಲಿ ನಿಯಮ ಮಾಡಿದೆ. ವಕೀಲರು ದಿನಕ್ಕೆ ಮೂರು ಗಂಟೆ ಮೀರದ ಹಾಗೆ ಕಾನೂನು ಪಾಠ ಮಾಡಬಹುದು, ಸನ್ನದಿಗೆ ತೊಂದರೆ ಇಲ್ಲ. ಯುವ ವಕೀಲರು ಇದನ್ನು ತಿಳಿದಿರಲಿ.

ಈಗ ಕೊನೆಯ ಕೇಸು. ಇದಕ್ಕಾಗಿಯೇ ನಾನು ಇವತ್ತು ಬಂದದ್ದು. ಕಾರ್ಬನ್ ಪೇಪರಿಗೆ ಬೇಕಾದ ತೆಳು ಕಾಗದ ಮಾಡುವ ಇಂಗ್ಲೆಂಡಿನ ಕಂಪನಿಗಳು, ಅಮೆರಿಕದಲ್ಲಿ ಅದನ್ನು ಮಾರುವ ರೋಸ್ ಅಂಡ್ ಫ್ರಾಂಕ್ ಕಂಪನಿ. 1913ರಲ್ಲಿ ಒಂದು ಒಪ್ಪಂದ ಬರೆದುಕೊಂಡರು. ಅದರಲ್ಲೇ ಒಂದು ಕಲಮು: ಇದು ಕಾನೂನಿನ ಕರಾರು ಅಲ್ಲ, ಕೋರ್ಟಿಗೆ ಹೋಗುವಂತಿಲ್ಲ, ನಮ್ಮ ನಮ್ಮ ಮಾನದ ಮೇಲೆ ನಡೆಯುವ ಮಾತು. ನಮ್ಮ ಹಳೇ ಮಂಡಿಗಳಲ್ಲಿ ಟವೆಲ್ ಕೆಳಗೆ ಕೈ ಹಿಡಿದು ರೇಟು ಮಾತಾಡುತ್ತಿದ್ದರಲ್ಲ, ಆ ನಂಬಿಕೆಯನ್ನು ಟೈಪು ಮಾಡಿಸಿದ ಹಾಗೆ. 1919ರಲ್ಲಿ ಸಂಬಂಧ ಕೆಟ್ಟಿತು. ಇಂಗ್ಲೆಂಡಿನವರು ನೋಟಿಸೂ ಕೊಡದೆ ಕೈಬಿಟ್ಟರು. ಒಪ್ಪಿಕೊಂಡಿದ್ದ ಆರ್ಡರುಗಳ ಸರಕನ್ನೂ ಕಳಿಸಲ್ಲ ಅಂದರು.

1923ರಲ್ಲಿ ಕೇಸು ಮೇಲ್ಮನವಿ ಕೋರ್ಟಿಗೆ ಬಂತು. ಪೀಠದಲ್ಲಿ ಮೂವರು: ಬ್ಯಾಂಕ್ಸ್, ಸ್ಕ್ರಟನ್, ಆಟ್ಕಿನ್. ಗುರು, ಶಿಷ್ಯ ಅಕ್ಕಪಕ್ಕ. 1913ರ ಕಾಗದಕ್ಕೆ ಕಾನೂನಿನ ಬಲ ಇಲ್ಲ ಅನ್ನುವುದರಲ್ಲಿ ಮೂವರೂ ಒಂದೇ. ಹಾಗಾದರೆ ಅದರ ಕೆಳಗೆ ಕೊಟ್ಟು, ಒಪ್ಪಿಕೊಂಡ ಆರ್ಡರುಗಳು? ತಾಯಿ ಕಾಗದಕ್ಕೇ ಬಲ ಇಲ್ಲದಿದ್ದರೆ ಮರಿಗೂ ಇಲ್ಲ ಅನ್ನುವ ಕಡೆಗೆ ಬ್ಯಾಂಕ್ಸ್ ಮತ್ತು ಸ್ಕ್ರಟನ್. ಆಟ್ಕಿನ್ ಒಪ್ಪಲಿಲ್ಲ. ಒಬ್ಬರು ಇಷ್ಟು ಸರಕು ಕೊಡಿ ಅಂದರು, ಇನ್ನೊಬ್ಬರು ಆಗಲಿ ಅಂದರು. ಅದು ತನ್ನ ಕಾಲ ಮೇಲೆ ನಿಲ್ಲುವ ಕರಾರು ಅಂತ ಭಿನ್ನ ತೀರ್ಪು ಬರೆದರು. ನೂರು ಗಿನಿ ಕೊಟ್ಟು ಯಾರ ಕೈಕೆಳಗೆ ಕರಡು ಬರೆಯಲು ಕಲಿತಿದ್ದರೋ ಅವರ ತೀರ್ಪಿಗೇ. 1924ರ ಡಿಸೆಂಬರಿನಲ್ಲಿ ಹೌಸ್ ಆಫ್ ಲಾರ್ಡ್ಸ್ ಆಟ್ಕಿನ್ ಹೇಳಿದ್ದೇ ಸರಿ ಅಂದಿತು.

1928ರಲ್ಲಿ ಆಟ್ಕಿನ್ ಹೌಸ್ ಆಫ್ ಲಾರ್ಡ್ಸ್‌ಗೆ ಹೋದರು. ಸ್ಕ್ರಟನ್ನಿಗೆ ಆ ಬಡ್ತಿ ಬರಲೇ ಇಲ್ಲ. 1934ರಲ್ಲಿ ತೀರಿಕೊಳ್ಳುವ ತನಕ ಮೇಲ್ಮನವಿ ಕೋರ್ಟಿನಲ್ಲೇ ಇದ್ದರು. ಲಾರ್ಡ್ಸ್ ತನ್ನನ್ನು ತಪ್ಪು ಅಂದ ಇನ್ನೊಂದು ವ್ಯಾಪಾರದ ಕೇಸಿನ ಬಗ್ಗೆ ಮುಂದೊಮ್ಮೆ ಬರೆಯುತ್ತಾ, ನನಗೇನೂ ಪಶ್ಚಾತ್ತಾಪ ಇಲ್ಲ, ಹತ್ತರಲ್ಲಿ ಒಂಬತ್ತು ವರ್ತಕರು ನನ್ನ ಕಡೆಗೇ ಇರುತ್ತಾರೆ ಅನ್ನುವ ಅರ್ಥದಲ್ಲಿ ಹೇಳಿದರು. ನ್ಯಾಯಾಧೀಶನಾಗಿ ಮೇಲಿನವರ ಮಾತಿಗೆ ಬದ್ಧ, ಅಷ್ಟೇ.

ಈ ಕೇಸನ್ನು ನಾನು ಕ್ಲಾಸಿನಲ್ಲಿ ವಿವರಿಸುವುದಿಲ್ಲ, ಓದಿಸುತ್ತೇನೆ. ಮೊದಲು ಒಬ್ಬರು ಸ್ಕ್ರಟನ್ ತೀರ್ಪನ್ನು ಗಟ್ಟಿಯಾಗಿ ಓದಬೇಕು. ಯಾರಿಗೆ ಸರಿ ಅನ್ನಿಸಿತು, ಕೈ ಎತ್ತಿ ಅನ್ನುತ್ತೇನೆ. ಹೆಚ್ಚುಕಡಿಮೆ ಎಲ್ಲ ಕೈ ಮೇಲೆ. ಆಮೇಲೆ ಆಟ್ಕಿನ್. ಓದುತ್ತಾ ಹೋದ ಹಾಗೆ ಒಂದೊಂದೇ ಕೈ ಇಳಿಯುತ್ತದೆ. ಹೋದ ವರ್ಷ ಒಬ್ಬಳು ಮಾತ್ರ ಇಳಿಸಲಿಲ್ಲ. ಅಪ್ಪ ಯಶವಂತಪುರದ ಮಂಡಿಯಲ್ಲಿ ಈರುಳ್ಳಿ ದಲ್ಲಾಳಿ. "ಲಾರ್ಡ್ಸ್ ಹೇಳಿದ ಮೇಲೆ ಮುಗೀತಲ್ಲಮ್ಮ" ಅಂದೆ. "ಇಲ್ಲ ಸರ್. ಮಾನದ ಮೇಲೆ ನಡೀತೀವಿ ಅಂತ ಬರ್ಕೊಂಡಿರೋರು ಆರ್ಡರಿಗೆ ಬಂದಾಗ ಮಾತ್ರ ಕೋರ್ಟಿಗೆ ಹೋಗ್ತೀವಿ ಅಂದ್ರೆ, ನಮ್ಮ ಮಂಡೀಲಿ ಅವ್ರಿಗೆ ಮಾರನೇ ದಿನ ಯಾರೂ ಮಾಲು ಹಾಕಲ್ಲ" ಅಂದಳು. ನಾನು ಉತ್ತರ ಹುಡುಕುವಷ್ಟರಲ್ಲಿ ಬೆಲ್ ಹೊಡೆಯಿತು. ಹನ್ನೊಂದಕ್ಕೆ ನನಗೆ ಕೋರ್ಟಿತ್ತು. ಮೆಟ್ಟಿಲಿಳಿಯುವಾಗ ತಿರುಗಿ ನೋಡಿದೆ. ಆಟ್ಕಿನ್ ಕಡೆಯವರು ನಾಲ್ಕೈದು ಜನ ಅವಳ ಬೆಂಚಿನ ಸುತ್ತ ಸೇರಿದ್ದರು. ಅವಳು ಇನ್ನೂ ಮಾತಾಡುತ್ತಲೇ ಇದ್ದಳು.